ಚೀನಿಕಾಯಿಯ ಗಂಡು ಹೂವು

ಮೊನ್ನೆ ಬದಿಯಡ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೋಟೆಲಿನಿಂದ ಪೋಡಿ ಕರಿಯುವ ಪರಿಮಳ ಬಂತು. ಕಡಲೆಹಿಟ್ಟು, ಇಂಗು, ಕಾದ ತೆಂಗಿನೆಣ್ಣೆ... ಉಳಿದವರಿಗೆ ಬಾಯಲ್ಲಿ ನೀರೂರಿರಬಹುದು, ನನಗೆ ಮೈ ಉರಿಯಿತು. ಆಚೆಮನೆಯಾಕೆ ನೆನಪಾದಳು.

ಮದುವೆಯಾಗಿ ಪುತ್ತಿಗೆಗೆ ಬಂದ ವರ್ಷ ಅತ್ತೆ ಹಿತ್ತಿಲಿನ ತರಕಾರಿಯನ್ನು ನನಗೆ ಒಪ್ಪಿಸಿದ್ದರು. ಆ ಮನೆಯಲ್ಲಿ ನನ್ನದು ಎನ್ನಲು ಇದ್ದದ್ದು ಅದೊಂದೇ. ಅಲಸಂಡೆ, ಬೆಂಡೆ ಚೆನ್ನಾಗಿಯೇ ಬಂದವು. ಚೀನಿಕಾಯಿ, ಅಂದರೆ ಸಿಹಿಗುಂಬಳದ ಬಳ್ಳಿ ಮಾತ್ರ ಮಿಡಿ ಬಿಟ್ಟ ಹಾಗೆ ಮಾಡಿ, ಎಲ್ಲವನ್ನೂ ಹಳದಿ ಮಾಡಿ ಉದುರಿಸುತ್ತಿತ್ತು. ಬೂದಿ ಹಾಕಿದೆ, ಸೆಗಣಿ ನೀರು ಹೊಯ್ದೆ, ಬೇವಿನೆಣ್ಣೆ ಸಿಂಪಡಿಸಿದೆ... ಎಲ್ಲ ದಂಡ.

ಅತ್ತೆ ಪರಿಹಾರ ಕೇಳಿದ್ದು ಆಚೆಮನೆಯಾಕೆಯನ್ನು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ! ದಿನಾ ಬೆಳಿಗ್ಗೆ ಬಂದು, "ಗಂಡು ಹೂವಲ್ಲಿ ಕಾಯಿ ಆಗ್ಲಿಕ್ಕಿಲ್ಲ, ಸುಮ್ಮನೆ ಬಾಡ್ತದೆ" ಎನ್ನುತ್ತ ನಮ್ಮ ಬಳ್ಳಿಯ ಗಂಡು ಹೂಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಹೋಗಿ ಪೋಡಿ ಕರಿಯುತ್ತಿದ್ದವಳು ಅವಳೇ. ದೊಡ್ಡ ಉಪಕಾರ ಮಾಡಿದವಳ ಹಾಗೆ ನಮಗೂ ನಾಲ್ಕು ತಂದುಕೊಡುತ್ತಿದ್ದಳು. ತನ್ನ ಬಳ್ಳಿಯ ಒಂದು ಹೂವನ್ನೂ ಮುಟ್ಟುತ್ತಿರಲಿಲ್ಲ.

ನನ್ನೆದುರೇ ಅತ್ತೆಗೆ ಹೇಳಿದಳು: "ಬಳ್ಳಿಗೆ ಎಂತದೂ ಆಗ್ಲಿಲ್ಲ ಅಕ್ಕಾ. ಕೈಗುಣ ಅಂತ ಒಂದು ಉಂಟಲ್ಲ? ಸೊಸೆಯ ಕೈ ಬೇಡ."

ಮರುದಿನವೇ ಅತ್ತೆ ನನ್ನ ಕೈಯಿಂದ ನೀರಿನ ಕೊಡ ತೆಗೆದುಕೊಂಡರು.

ಆ ವಾರವೇ ಅವಳು ಮಗಳ ಬಾಣಂತನಕ್ಕೆಂದು ಸೀತಾಂಗೋಳಿಗೆ ಹೋದಳು. ಹೂಗಳು ಬಳ್ಳಿಯಲ್ಲೇ ಉಳಿದವು, ಜೇನ್ನೊಣಗಳು ಗಂಡು ಹೂವಿನಿಂದ ಹೆಣ್ಣು ಹೂವಿಗೆ ಹಾರಾಡಿದವು, ಮಿಡಿ ಉದುರದೆ ನಿಂತಿತು. ಉದುರುತ್ತಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು.

"ಅತ್ತೆ, ಗಂಡು ಹೂ ಕೊಯ್ಯದ ಕಾರಣ ಕಾಯಿ ಹಿಡಿದದ್ದು," ಎಂದೆ.

ಅತ್ತೆ ನಕ್ಕರು. "ನಿನ್ನ ಕೈ ತಾಗದ ಕಾರಣ ಮಾರಾಯ್ತಿ."

ಮೊದಲ ಕಾಯಿಯಲ್ಲಿ ಅರ್ಧ ಆಚೆಮನೆಗೆ ಹೋಯಿತು.

ಅವಳು ಸತ್ತು ವರ್ಷಗಳಾದವು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಸೇರಿದವರೆಲ್ಲ ಅವಳ ಕೈಗುಣ ಹೊಗಳಿದರು. ನಾನು ಪಾಯಸ ಉಂಡು ಎದ್ದು ಬಂದೆ. ಅವಳಿಗಾಗಿ ಒಂದು ಹನಿ ಕಣ್ಣೀರು ಆಗಲೂ ಬರಲಿಲ್ಲ, ಈಗಲೂ ಬರುವುದಿಲ್ಲ. ಅಳು ಬರುವುದು ಅತ್ತೆಯನ್ನು ನೆನೆದಾಗ. ಹಾಸಿಗೆ ಹಿಡಿದ ಮೇಲೆ ಅವರು ಗಂಜಿ ಕುಡಿಯುತ್ತಿದ್ದದ್ದು ನನ್ನ ಕೈಯಿಂದಲೇ... ಕುಡಿದು, ಬಾಯಿ ಒರೆಸಿಸಿಕೊಂಡು, "ಬಳ್ಳಿಗೆ ನೀರು ಬೇರೆ ಯಾರ ಹತ್ರ ಆದ್ರೂ ಹೊಯ್ಸು, ಆಯ್ತಾ?" ಎನ್ನುತ್ತಿದ್ದರು.

ಈಗ ನೀರು ಹೊಯ್ಯುವವಳು ನಾನೇ. ಬಳ್ಳಿ ಹೊರಲಾರದಷ್ಟು ಕಾಯಿ ಹಿಡಿದಿದೆ. ನೋಡಬೇಕಾಗಿದ್ದವರು ನೋಡಲಿಲ್ಲ.