ತಂಗಿಯ ಕಾಲಿನ ಲೆಕ್ಕಾಚಾರ

ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ತಂಗಿಯ ಕಾಲುಗಳು ಬಿಗಿದುಕೊಂಡಿದ್ದವು. ನಡೆದರೆ ಮೊಣಕಾಲಿಗೆ ಮೊಣಕಾಲು ಅಡ್ಡ. ಶಾಲೆಯಲ್ಲಿ ಅಂಟಿದ 'ಕತ್ತರಿ' ಎಂಬ ಅಡ್ಡಹೆಸರನ್ನು ಅವಳೇ ದಕ್ಕಿಸಿಕೊಂಡಿದ್ದಳು. ಫೋನೆತ್ತಿದರೆ, "ಹಾಂ, ಕತ್ತರಿ ಮಾತಾಡ್ತಿದೀನಿ, ಯಾರನ್ನ ಕತ್ತರಿಸ್ಬೇಕು?" ಎನ್ನುವಳು.

ಅಕ್ಕ ಎಂಜಿನಿಯರಿಂಗ್ ಓದಿದ್ದೇ ಆ ಕಾಲುಗಳಿಗಾಗಿ. ಆಸ್ಪತ್ರೆಯಲ್ಲಿ ಮಕ್ಕಳ ಸೊಂಟ, ಮಂಡಿ, ಹಿಮ್ಮಡಿಗೆ ಹೊಳೆಯುವ ಗುಂಡುಗಳನ್ನು ಅಂಟಿಸಿ, ಕ್ಯಾಮೆರಾಗಳೆದುರು ನಡೆಸಿ, ಅದೇ ಕಾಲನ್ನು ಎಲುಬು, ಸ್ನಾಯು ಸಮೇತ ಕಂಪ್ಯೂಟರಿನಲ್ಲಿ ಕಟ್ಟುವುದು ಅವಳ ಕೆಲಸ. ಬಿಗಿದ ಸ್ನಾಯು ಮೆಲ್ಲಗೆ ಎಳೆದರೆ ಬರುತ್ತದೆ. ರಭಸದಿಂದ ಎಳೆದರೆ ಹಟ ಹಿಡಿದು ವಾಪಸು ಸೆಳೆಯುತ್ತದೆ. ಆ ಹಟವನ್ನು ಸಮೀಕರಣಕ್ಕೆ ಇಳಿಸುವುದರಲ್ಲೇ ಅವಳ ಪ್ರಾಯ ಕಳೆದಿತ್ತು.

ಇಪ್ಪತ್ತು ದಾಟಿದ ಮೇಲೆ ತಂಗಿಯ ಮಂಡಿಗಳು ಇನ್ನಷ್ಟು ಬಾಗಿದವು. ಗೋಡೆ ಹಿಡಿದು ಬಚ್ಚಲಿಗೆ ಹೋಗುವುದೂ ಕಷ್ಟವಾಯಿತು. ತೊಡೆಯ ಹಿಂದಿನ ಸ್ನಾಯುವನ್ನು ಕೊಯ್ದು ಉದ್ದ ಮಾಡಿದರೆ ನೆಟ್ಟಗೆ ನಿಲ್ಲಬಹುದು ಎಂದರು ಮೂಳೆ ಡಾಕ್ಟರು. ತಂಗಿ ಅಂದೇ ಅಮ್ಮನ ಕೈಲಿ ಆಸ್ಪತ್ರೆಯ ಬ್ಯಾಗು ತುಂಬಿಸಿದಳು.

ಅಕ್ಕ ಮಾತ್ರ ತಂಗಿಯ ಕಾಲನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಆ ಸ್ನಾಯುವನ್ನು ಮೊದಲು ಅಲ್ಲಿ ಉದ್ದ ಮಾಡಿ ನೋಡಿದಳು. ತೆರೆಯ ಮೇಲಿನ ಕಾಲು ಹೆಜ್ಜೆಯಿಟ್ಟು ಕುಸಿಯಿತು. ಆ ಸ್ನಾಯು ಗಿಡ್ಡವಾಗಿರಲೇ ಇಲ್ಲ, ಮಂಡಿ ಬಾಗುತ್ತಿದ್ದುದು ಮೀನಖಂಡದಲ್ಲಿ ಬಲವಿಲ್ಲದ್ದಕ್ಕೆ. ಸಂಖ್ಯೆ ಬದಲಿಸಿದಳು. ಮತ್ತೆ ಕುಸಿಯಿತು. ಕೊನೆಗೆ ಬೇಕೆಂದೇ ಮೀನಖಂಡಕ್ಕೆ ಸುಳ್ಳು ಬಲ ತುಂಬಿದಳು. ನಿಂತಿತು. ಅದನ್ನು ನೋಡಲಾಗದೆ ಮೇಜಿಗೆ ತಲೆಯಿಟ್ಟು ಅತ್ತಳು.

"ನಿಮ್ಮ ಲೆಕ್ಕಾನೇ ತಪ್ಪಿರ್ಬಹುದಲ್ಲಮ್ಮಾ?" ಎಂದರು, ಅವಳು ತಂದು ತೋರಿಸಿದ್ದನ್ನು ನೋಡಿದ ಡಾಕ್ಟರು.

"ತಪ್ಪಿರ್ಲಿ ಅಂತಾನೇ ಬೇಡ್ಕೊಳ್ತಿದೀನಿ ಸರ್."

ಡಾಕ್ಟರು ತಾವೇ ತಂಗಿಯ ಕಾಲನ್ನು ಮೆಲ್ಲಗೆ ಚಾಚಿಸಿ ನೋಡಿದರು. ಅದು ಪೂರ್ತಿ ಚಾಚಿಕೊಂಡಿತು. ಆಪರೇಷನ್ ಬೇಡ ಎಂದುಬಿಟ್ಟರು.

ಮನೆಯಲ್ಲಿ ತಂಗಿ ಸಿಡಿದಳು. "ನಿನ್ನ ಕಂಪ್ಯೂಟರಿಗೆ ನನ್ನ ಕಾಲು ಗೊತ್ತು. ನಂಗೇನು ಬೇಕು ಅಂತ ಗೊತ್ತಾ?"

"ಕೊಯ್ದ್ರೆ ಇರೋದೂ ಹೋಗುತ್ತೆ ಕಣೇ."

"ಹೋಗ್ಲಿ! ಇರೋದನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?"

ಬ್ಯಾಗಿನ ಬಟ್ಟೆಗಳನ್ನು ಅಮ್ಮ ಒಂದೊಂದಾಗಿ ಬೀರುವಿಗೆ ಜೋಡಿಸಿದಳು. ಯಾರೂ ಊಟಕ್ಕೆ ಏಳಲಿಲ್ಲ. ಆಮೇಲೆ ತಂಗಿ ಅಕ್ಕನೊಡನೆ ಮಾತು ಬಿಟ್ಟಳು. ಅಕ್ಕ ಕೋಣೆಗೆ ಬಂದರೆ ಕಾಲ ಮೇಲೆ ಹೊದಿಕೆ ಎಳೆದುಕೊಳ್ಳುವಳು.

ಅಕ್ಕ ಸೋಲೊಪ್ಪದೆ, ಮೀನಖಂಡಕ್ಕೆ ಆಸರೆಯಾಗುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಲೆಕ್ಕ ಹಾಕಿ ಮಾಡಿಸಿ ತಂದಳು. ಅಮ್ಮನ ಒತ್ತಾಯಕ್ಕೆ ತಂಗಿ ಕಟ್ಟಿಕೊಂಡಳು. ಅಡುಗೆಮನೆಯ ನಲ್ಲಿಯ ಬಳಿ ಎದ್ದು ನಿಂತು, ಒಂದು ಲೋಟ ತೊಳೆಯುವಷ್ಟರಲ್ಲಿ ತೊಡೆ ನಡುಗಿ, ಸ್ಟೂಲಿನ ಮೇಲೆ ಕೂತಳು.

"ಇಷ್ಟೇನಾ?"

"ಸದ್ಯಕ್ಕೆ ಇಷ್ಟೇ."

ತಂಗಿ ನಕ್ಕಳೋ ಬಿಕ್ಕಿದಳೋ ತಿಳಿಯಲಿಲ್ಲ. ಅಕ್ಕ ಲೋಟ ಒರೆಸಿ ಎತ್ತಿಟ್ಟಳು.