ದೊಡ್ಡಪ್ಪನ ದನಿಗೊಂದು ತೊಗಲಿನ ಚೀಲ

ನಮ್ಮ ದೊಡ್ಡಪ್ಪ ಕುರುಗೋಡಿನ ಸಾಲ್ಯಾಗ ಹೆಡ್‌ಮಾಸ್ತರಿಕಿ ಮಾಡಿ ಅರ್ಧ ಊರಿನ ಕಿವಿ ಹಿಂಡಿದ ಮನುಷ್ಯ. ಆತ ಕ್ಲಾಸಿನ್ಯಾಗ ಬೈದ್ರ ಬಾದನಹಟ್ಟಿ ದಾರಿ ಹಿಡಿದ ಎತ್ತು ಸೈತ ನಿಂತು ಕೇಳ್ತಿದ್ವು ಅಂತಾರ. ಹೋದ ವರ್ಷ ಗಂಟಲಾಗ ಗಡ್ಡಿ ಎದ್ದು, ಡಾಕ್ಟರು ದನಿಪೆಟ್ಟಿಗಿನಾ ತೆಗೆದುಬಿಟ್ರು. ಜೀವ ಉಳೀತು, ದನಿ ಹೋತು. ಮಂದಿ ಎಲ್ಲಾ ಬಾಯಾಗ ಪಾಪ ಪಾಪ ಅಂದ್ರು, ಒಳಗೊಳಗ ಕೆಲವರಿಗೆ ಆರಾಮನೂ ಆತು. ನನಗೂ ಒಂಚೂರು ಆತು, ಸುಳ್ಳ್ಯಾಕ ಹೇಳ್ಲಿ?

ಆರಾಮ ಭಾಳ ದಿನ ಉಳೀಲಿಲ್ಲ. ದವಾಖಾನ್ಯಾಗ ಸಣ್ಣ ಟಾರ್ಚಿನಷ್ಟು ಒಂದು ಮಿಷಿನ್ ಕೊಟ್ರು. ಅದರ ತುದಿ ಕುತ್ತಿಗಿಗೆ ಒತ್ತಿ, ಗುಂಡಿ ಅದುಮಿ, ಬಾಯಿ ಆಡಿಸಿದ್ರ ಗುಂಯ್ ಅಂತ ಮಾತು ಹೊಂಡ್ತಾವು, ದುಂಬಿ ವ್ಯಾಕರಣ ಪಾಠ ಮಾಡಿದಂಗ. ಆ ಮಿಷಿನ್ನಿನ್ಯಾಗ ದೊಡ್ಡಪ್ಪ ಆಡಿದ ಮೊದಲನೇ ಮಾತು ನನಗಾ: "ಅಂಗಿ ಗುಂಡಿ ಹಾಕ್ಕೋ ಲೇ." ನನಗ ಆವಾಗ ಐವತ್ತೆರಡು ವರ್ಷ.

ತೊಂದ್ರಿ ಏನಂದ್ರ ದೊಡ್ಡಪ್ಪನ ಕೈ ನಡುಗ್ತಾವು. ಎರಡು ಸಲ ಜಾರಿ ಬಿದ್ದು ಮಿಷಿನ್ನಿನ ಮುಚ್ಚಳ ಸೀಳಿತ್ತು, ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಹೆಂಗೋ ಜೀವ ಹಿಡಿದಿತ್ತು. ಇನ್ನೊಂದು ಸಲ ಬಿದ್ರ ಮುಗೀತು ಕಥಿ. ಅದರಾಗ ಸಿರುಗುಪ್ಪದಾಗ ಮೊಮ್ಮಗಳ ನಿಶ್ಚಯ ಗೊತ್ತಾಗಿತ್ತು. ಆ ಹುಡುಗಿಗೆ ಅಪ್ಪ ಇಲ್ಲ, ಎತ್ತಿ ಆಡಿಸಿ ಓದಿಸಿದಾವ ದೊಡ್ಡಪ್ಪನಾ. ಬೀಗರ ಮುಂದ ಎದ್ದು ಒಪ್ಪಿಗಿ ಮಾತು ಕೊಡಬೇಕಾದಾವನೂ ಆತನಾ. ತಾತ ಮಾತಾಡಿದ್ರಷ್ಟ ನಾ ಸೀರಿ ತಗೊಳ್ಳಾಕಿ ಅಂತ ಹುಡುಗಿ ಹಠ ಹಿಡಿದಿದ್ಲು. ಆದ್ರ ದೊಡ್ಡವ್ವಗ ಆ ಗುಂಯ್ ಅನ್ನೋದು ಬೀಗರ ಕಿವಿಗೆ ಬೀಳೋದು ಬ್ಯಾಡಾಗಿತ್ತು. "ಮಂದಿ ನಗ್ತಾರಪ್ಪ, ನೀನಾ ಎದ್ದು ನಾಕು ಮಾತಾಡು" ಅಂತ ನನಗ ಹೇಳಿದ್ಲು. ನಾನು ಛೇ ಛೇ ಬ್ಯಾಡ ಅನ್ಕೋತ ಬಳ್ಳಾರಿ ಗಾಂಧಿನಗರದ ನನ್ನ ಮನಿಗೆ ಬಂದು, ಕನ್ನಡಿ ಮುಂದ ನಿಂತು ಭಾಷಣ ಶುರು ಮಾಡಿದೆ.

ಮನಸ್ಸು ಚುಚ್ಚಲಿಲ್ಲ ಅಂತಲ್ಲ. ಅದಕ್ಕಾ ಒಂದು ಉಪಾಯ ಹೊಳೀತು. ಮಿಷಿನ್ನಿಗೆ ಒಂದು ತೊಗಲಿನ ಚೀಲ ಮಾಡಿ, ದಾರ ಹಾಕಿ, ದೊಡ್ಡಪ್ಪನ ಕೊರಳಿಗೆ ತೂಗಿಬಿಟ್ರ ಪುಣ್ಯನೂ ನನಗಾ, ಭಾಷಣನೂ ನನಗಾ.

ಕೌಲ್ ಬಜಾರಿನ್ಯಾಗ ಬೆಲ್ಟು, ಬ್ಯಾಗು ಹೊಲಿಯೋ ಒಬ್ಬ ಮುದುಕ ಅದಾನ. ನನ್ನ ಬೇಡಿಕಿ ಕೇಳಿ, "ಅರ್ಧ ತಾಸು ಕುಂದರ್ರಿ ಸಾಬ್, ಹೊಲ್ದು ಕೊಡ್ತೀನಿ" ಅಂದ.

"ಬ್ಯಾಡ ಚಾಚಾ, ನಾನಾ ಹೊಲೀತೀನಿ. ಫೋನಿನ್ಯಾಗ ನೋಡೀನಿ."

ಆತ ನನ್ನ ಬೆರಳು ನೋಡಿದ, ಮಾರಿ ನೋಡಿದ. ತೊಗಲಿನ ತುಂಡು, ಮೇಣ ಹಚ್ಚಿದ ದಾರ, ಒಂದು ದಬ್ಬಣ ಕೊಟ್ಟು, "ನೀರಾಗ ನೆನಸಿ ಮೆತ್ತಗ ಮಾಡ್ರಿ, ಮಿಷಿನ್ನಿನ ಅಳತಿದು ಏನಾರ ಇಟ್ಟು ಸುತ್ತಿ ಹೊಲೀರಿ, ನೆರಳಾಗ ಒಣಗಸ್ರಿ. ಬಿಸಿಲಿಗಿಟ್ರಿ ಅಂದ್ರ ಖತಂ" ಅಂದ.

ನೆರಳಾಗ ಅಂತ! ಹಪ್ಪಳ, ಸಂಡಿಗಿ, ಮೆಣಸಿನಕಾಯಿ, ಬೇಕಾದ್ರ ಬೀಗರನ್ನೂ ಒಂದಾ ಮಧ್ಯಾಹ್ನದಾಗ ಒಣಗಿಸಿ ತೆಗೆಯೋ ಊರು ನಮ್ಮದು. ಬಳ್ಳಾರ್ಯಾಗ ಹುಟ್ಟಿ ಬಿಸಿಲು ಬಿಟ್ಟು ನೆರಳು ಹುಡುಕಿಕೊಂಡು ಹೋಗಾಕ ನನಗೇನು ಹುಚ್ಚೇನು? ಅಳತಿ ಹುಡುಕಿದೆ. ಮನ್ಯಾಗ ಹೆಚ್ಚುಕಮ್ಮಿ ಅಷ್ಟಾ ದಪ್ಪ ಇದ್ದದ್ದು ಹೆಂಡ್ತಿಯ ಲಟ್ಟಣಿಗಿ. ಆಕಿ ಸಂತಿಗೆ ಹೋದಾಗ ಅದಕ್ಕ ಹಸಿ ತೊಗಲು ಸುತ್ತಿ, ಬಿಗಿಯಾಗಿ ಹೊಲಿದು, ಮಾಳಿಗಿ ಮ್ಯಾಲೆ ಬಿಸಿಲಿಗಿಟ್ಟು ನಿದ್ದಿ ಹೊಡೆದೆ.

ಎದ್ದು ನೋಡಿದ್ರ ತೊಗಲು ಸೆಡ್ತು ಕಲ್ಲಾಗಿ, ಲಟ್ಟಣಿಗಿ ಹಿಡಕೊಂಡು ಕುಂತಿತ್ತು. ಜಗ್ಗಿದ್ರ ಬರವೊಲ್ಲದು, ತಿರುವಿದ್ರ ಬರವೊಲ್ಲದು. ಬ್ಲೇಡ್ ಹಾಕಿ ಕೊಯ್ಯೋದ್ರಾಗ ಲಟ್ಟಣಿಗೀಗೂ ಗಾಯ, ಬೆರಳಿಗೂ ಗಾಯ. ಅಷ್ಟೊತ್ತಿಗೆ ಹೆಂಡ್ತಿ ಬಂದ್ಲು.

"ಅಯ್ಯ ಶಿವನಾ! ಚಪಾತಿ ಲಟ್ಟಿಸೋದ್ರ ಮ್ಯಾಲೆ ದನದ ತೊಗಲೇನ್ರಿ? ನಿಮಗೇನು ತಲಿ ಕೆಟ್ಟೈತೇನು?"

ಅವತ್ತು ಅಡಿಗಿಮನಿ ತೊಳೆದದ್ದು ನಾನಾ, ಎರಡು ಸಲ. ಲಟ್ಟಣಿಗಿ ಹೊರಗ ಹೋತು, ನಾನೂ ಅದರ ಜೋಡಿ ಹೋಗೋದು ಸ್ವಲ್ಪದ್ರಾಗ ತಪ್ಪಿತು. ನನ್ನ ಸೊಂಟದ ಬೆಲ್ಟು, ಆಕಿ ಹೆಗಲಿನ ಬ್ಯಾಗು ಇವೆಲ್ಲ ಬಹುಶಃ ಗಿಡದಾಗ ಬಿಟ್ಟಿದ್ವು, ಅವಕ್ಕ ಏನೂ ದೋಷ ಇರಲಿಲ್ಲ.

ಎರಡನೇ ಸಲ ಪ್ಲಾಸ್ಟಿಕ್ ಪೈಪಿನ ತುಂಡು ತಗೊಂಡೆ, ಚಾಚಾ ಹೇಳಿದಂಗ ಕಾಟಿನ ಕೆಳಗ ಇಟ್ಟು ಒಣಗಿಸಿದೆ. ಹೊಲಿಗಿ ನೋಡಿದ್ರ ಕುಡಿದ ಇರಿವಿ ನಡೆದಂಗಿತ್ತು. ಆದ್ರೂ ಚೀಲ ಚೀಲದಂಗಾ ಆತು. ಮ್ಯಾಲೆ ಮಿಷಿನ್ನಿನ ತುದಿ ಹೊರಗ, ಮಗ್ಗಲಕ್ಕ ಗುಂಡಿಗೊಂದು ತೂತು, ಕೊರಳಿಗೆ ಹಾಕ್ಕೊಳ್ಳಾಕ ದಾರ.

ನಿಶ್ಚಯದ ದಿನ ಬೆಳಿಗ್ಗೆ ಕುರುಗೋಡಿಗೆ ಹೋಗಿ, ಮಿಷಿನ್ ಅದರಾಗ ಒತ್ತಿ ಕುಂದ್ರಿಸಿ ದೊಡ್ಡಪ್ಪನ ಕೊರಳಿಗೆ ಹಾಕಿದೆ. ಆತ ಬೇಕಂತ ಕೈ ಬಿಟ್ಟು ನೋಡಿದ. ಮಿಷಿನ್ ಬೀಳಲಿಲ್ಲ, ಎದಿ ಮ್ಯಾಲೆ ತೂಗಾಡ್ತು. ಮತ್ತ ಎತ್ತಿ ಕುತ್ತಿಗಿಗೆ ಹಿಡಿದು, "ಹೊಲಿಗಿ ಸೊಟ್ಟ ಐತಿ. ಪಾಸು" ಅಂದ. ಆ ಮನುಷ್ಯನ ಬಾಯಾಗ ನಾನು ಪಾಸು ಅನ್ನಿಸಿಕೊಂಡದ್ದು ಜನ್ಮದಾಗ ಅದಾ ಮೊದಲು. ಖುಷಿ ಆತು, ಭಾಳ ಖುಷಿ ಆತು.

ಅಷ್ಟರಾಗ ದೊಡ್ಡವ್ವ ಒಳಗಿಂದ ಬಂದು ಕಿರಿಚಿದ್ಲು. ದೊಡ್ಡಪ್ಪನ ಎದಿ ಮ್ಯಾಲೆ ಇಷ್ಟಲಿಂಗದ ಬೆಳ್ಳಿ ಕರಡಿಗಿ, ಅದಕ್ಕ ತಾಕಿಕೊಂಡು ನನ್ನ ತೊಗಲಿನ ಚೀಲ. ಆಕಿ ಹೇಳದಿದ್ರೂ ನನಗ ಹೊಳೀಬೇಕಿತ್ತು, ನನ್ನ ಕೊರಳಾಗೂ ಲಿಂಗ ಐತಿ. ತೂತು ಎಲ್ಲಿರಬೇಕು, ದಾರ ಎಷ್ಟುದ್ದ ಇರಬೇಕು ಅಂತ ವಾರಗಟ್ಟಲೆ ಲೆಕ್ಕ ಹಾಕಿದ ಶಾಣ್ಯಾಗ ಇದೊಂದು ಹೊಳೀಲಿಲ್ಲ ನೋಡ್ರಿ.

"ಲಿಂಗಕ್ಕ ತೊಗಲು ಹಚ್ಚಿಕೊಂಡು ಅಯ್ಯನೋರ ಮುಂದ ಕುಂದರ್ತೀರೇನ್ರಿ?" ಅಂತ ಆಕಿ ಅದನ್ನ ತೆಗೆದು, ಪ್ಲಾಸ್ಟಿಕ್ ಕವರಿನ್ಯಾಗ ಸುತ್ತಿ, ತನ್ನ ಕೈಚೀಲದಾಗ ಹಾಕ್ಕೊಂಡ್ಲು. ಮಿಷಿನ್ ಬಿಗಿಯಾಗಿ ಕುಂತಿತ್ತಲ್ಲ, ಅದೂ ಒಳಗಾ ಹೋತು. ಶ್ರಾವಣ ಬಂದ್ರ ಮಠದಾಗ ಚಪ್ಪಲಿ ಹೊಲಿಯೋ ಶರಣರ ಕಥಿ ಕೇಳಿ ಸೆರಗು ತೊಯ್ಸಿಕೊಳ್ಳಾಕಿ ಈಕಿ. ಆ ಶರಣರು ಕೈಲಾಸದಾಗ ಇದ್ರ ಭಾಳ ಚಲೋ, ನಮ್ಮ ಪಡಸಾಲಿಗೆ ಮಾತ್ರ ಬರಬಾರ್ದು.

ದೊಡ್ಡಪ್ಪ ಬಾಯಿ ತೆಗೆದ, ಮುಚ್ಚಿದ. ಜಗಳ ಆಡಾಕ ದನಿ ಬೇಕು, ದನಿ ಹೆಂಡ್ತಿ ಚೀಲದಾಗ. ಹಾಳ್ಯಾಗ ಏನೋ ಬರೆದು ಕೊಟ್ಟ, ಆಕಿ ಕನ್ನಡಕ ಇಲ್ಲ ಅಂದ್ಲು. ಆತ ನನ್ನ ಕಡಿ ನೋಡಿದ. ನಾನು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಜೇಬಿನ್ಯಾಗ ನನ್ನ ಭಾಷಣದ ಚೀಟಿ ಇತ್ತು.

ಸಿರುಗುಪ್ಪದಾಗ ಬೀಗರ ಮನಿ ತುಂಬ ಮಂದಿ. ಹಣ್ಣಿನ ತಟ್ಟಿ ಜೋಡಿಸಿ, ಅಯ್ಯನೋರು "ಹೆಣ್ಣಿನ ಕಡಿ ಹಿರಿಯರು ಮಾತು ಕೊಡ್ರಿ" ಅಂದ್ರು. ನಾನು ಗಂಟಲು ಸರಿ ಮಾಡ್ಕೊಂಡು ಎದ್ದೆ. ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದ್ರು. ದೊಡ್ಡಪ್ಪ. ನನ್ನನ್ನ ಕುಂದ್ರಿಸಿ ತಾನು ಎದ್ದು ನಿಂತು, ದೊಡ್ಡವ್ವನ ಕಡಿ ಕೈ ಚಾಚಿದ. ಆಕಿ ತಲಿ ಅಲ್ಲಾಡಿಸಿದ್ಲು. ಆತ ಚಾಚಿದ ಕೈ ಹಿಂದಕ್ಕ ಹೋಗಲಿಲ್ಲ. ಮಂದಿ ಒಬ್ಬರ ಮಾರಿ ಒಬ್ಬರು ನೋಡಾಕ ಹತ್ತಿದ್ರು.

ಹುಡುಗಿ ಎದ್ದು ಬಂದ್ಲು. ಅಜ್ಜಿ ತೊಡಿ ಮ್ಯಾಲಿನ ಕೈಚೀಲ ತಗೊಂಡು, ಕವರ್ ಹರಿದು, ಮಿಷಿನ್ ತಾತನ ಕೊರಳಿಗೆ ಹಾಕಿದ್ಲು.

"ಲಿಂಗಕ್ಕ ಹತ್ತತೈತ್ರಿ" ಅಂತ ದೊಡ್ಡವ್ವ ಸಣ್ಣಗ ಅಂದ್ಲು.

ದೊಡ್ಡಪ್ಪ ಗುಂಡಿ ಒತ್ತಿದ. "ಎಪ್ಪತ್ತು ವರ್ಷ ಆ ಲಿಂಗ ಯಾತರ ಮ್ಯಾಲೆ ಕುಂತೈತಿ? ನನ್ನ ತೊಗಲಿನ ಮ್ಯಾಲಾ ಅಲ್ಲೇನು?"

ಯಾರೂ ನಗಲಿಲ್ಲ. ಅಯ್ಯನೋರು ಕೈಗಡಿಯಾರದ ತೊಗಲಿನ ಪಟ್ಟಿ ಮ್ಯಾಲೆ ಅಂಗಿ ತೋಳು ಎಳಕೊಂಡ್ರು. ನನಗ ಭೂಮ್ಯಾಗ ಇಳಿಯುವಷ್ಟು ನಾಚಿಕಿ ಆತು.

ದೊಡ್ಡಪ್ಪ ಹುಡುಗಿ ಕಡಿ ತಿರುಗಿದ. "ನಿನಗ ಒಪ್ಪಿಗಿ ಐತೇನವ್ವ?"

"ಐತಿ ತಾತ."

"ಹಂಗಾರ ಮಾತು ಕೊಟ್ಟೀನಿ."

ಮಾತು ಮುಗೀತು, ಬಾಯಿ ಮುಚ್ಚಿದ. ಬೆರಳು ಮಾತ್ರ ಗುಂಡಿ ಬಿಡಲಿಲ್ಲ. ಆಪರೇಶನ್ ಆದಾಗಿನಿಂದ ದೊಡ್ಡಪ್ಪ ಕಣ್ಣೀರು ಹಾಕಿ ಅತ್ರೂ ಸಪ್ಪಳನಾ ಬರ್ತಿರಲಿಲ್ಲ. ಅವತ್ತು ಆ ಗುಂಯ್ ಅನ್ನೋದು ಕುತ್ತಿಗಿ ಜೋಡಿ ನಡುಗಿಕೋತ ಮನಿ ತುಂಬ ಕೇಳ್ತು.