ರೊಟ್ಟಿ ಬಡಿತದ ಇಂಗ್ಲಿಷ್

‘ಇರ್ರೆಸ್ಪಾನ್ಸಿಬಲ್’ ಎನ್ನಲು ಹೋಗಿ ನಾನು ಏಳನೇ ಸಲ ತಡವರಿಸಿದಾಗ, ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಶಾಂತವ್ವ ಕೈ ನಿಲ್ಲಿಸದೆ ಅದನ್ನು ಹೇಳಿಬಿಟ್ಟಳು. ಇರ್, ರೆ, ಸ್ಪಾನ್, ಸಿ, ಬಲ್. ಹಿಟ್ಟಿನ ಮೇಲೆ ಐದು ಬಡಿತ, ಮೂರನೆಯದು ಜೋರು.

ಭಾನುವಾರದ ಇಂಗ್ಲಿಷ್ ಕ್ಲಾಸಿನಲ್ಲಿ ಮೇಡಂ ನನಗೆ ಮೂರು ವಾರದಿಂದ ಕಲಿಸುತ್ತಿದ್ದದ್ದು ಇದನ್ನೇ; ಅವರ ಪಾಠದ ರೆಕಾರ್ಡಿಂಗನ್ನು ಮನೆಯಲ್ಲಿ ದಿನಾ ಮೊಬೈಲಿನಲ್ಲಿ ಹಾಕಿ ಕೇಳುತ್ತಿದ್ದೆ. ಪದದ ಮೊದಲಿಗೆ ಬರುವ ‘ಇರ್’ ಅಂದರೆ ‘ಇಲ್ಲ’ ಎಂದು, ಆದರೆ ಒತ್ತು ಬೀಳುವುದು ‘ಸ್ಪಾನ್’ ಮೇಲೆ. ನಲವತ್ತೆರಡನೇ ವಯಸ್ಸಿಗೆ ಹತ್ತನೇ ತರಗತಿ ಪಾಸಾದವನು ನಾನು. ಯೆರವಡಾ ಬಡಾವಣೆಯ ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂಬ ಹೆಮ್ಮೆಯಿತ್ತು. ಅವಳು ಓದಿದ್ದು ನಾಲ್ಕನೆಯವರೆಗೆ.

“ಯಾವಾಗ ಕಲತಿ ಇದನ್ನ?” ಎಂದೆ.

“ನಿಮ್ಮ ಮೇಡಂ ಮೊಬೈಲಿನ್ಯಾಗ ದಿನಾ ಹೇಳ್ತಾರಲ್ರಿ, ನನಗ ಕಿವಿ ಇಲ್ಲೇನು? ನೀವೂ ನಾಕು ರೊಟ್ಟಿ ಬಡೀರಿ, ಬರ್ತದ” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಮರುದಿನದಿಂದ ಮೇಡಂ ಪಾಠವನ್ನು ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೇನೆ. ಮನೆಯಲ್ಲಿ ಗದ್ದಲ ಆಗಬಾರದೆಂದು ಹೀಗೆ ಎಂದು ಅವಳಿಗೆ ಹೇಳಿದ್ದೇನೆ. ನಿಜ ಹೇಳಬೇಕೆಂದರೆ, ಮುಂದಿನ ಪದವನ್ನಾದರೂ ಅವಳಿಗಿಂತ ಮೊದಲು ನಾನು ಕಲಿಯಬೇಕು.